ಊರಸಭೆಯಲ್ಲಿ ನಿನ್ನ ಹೆಸರು

ಸಾನ್ ಹಸಿಂತೊ, ವಹಾಕಾ
೧೮ ನವೆಂಬರ್ ೨೦೧೮

ಪ್ರೀತಿಯ ತಮ್ಮ ಫಿದೆನ್ಸಿಯೊ,

ನೀನು, ನಿನ್ನ ಹೆಂಡತಿ, ಪುಟ್ಟ ಇಟ್ಸೆಲ್ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ ಕಣೋ. ಮೂರು ಸಲ ನೀನು ಫೋನ್ ಮಾಡಿದೆ, ಮೂರು ಸಲವೂ ಒಲೆಯ ಮೇಲೆ ರೊಟ್ಟಿ ಸೀಯುತ್ತಿದೆ ಎಂದು ಇಟ್ಟುಬಿಟ್ಟೆ. ರೊಟ್ಟಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಮಾತಾಡಲು ಧೈರ್ಯವಾಗಲಿಲ್ಲ, ಅಷ್ಟೆ.

ಲಾಸ್ ಏಂಜಲೀಸಿನಲ್ಲಿರುವ ನೀವು ನಮ್ಮೂರವರೆಲ್ಲ ಸೇರಿ ಹಾಕಿಸಿಕೊಟ್ಟಿರಲ್ಲ, ಆ ಪೈಪಿನಲ್ಲಿ ನೀರು ಬಂತು. ಮೊದಲ ದಿನ ಕೆಂಪಗೆ, ಮೂರನೆಯ ದಿನ ತಿಳಿ. ಎಪಿಫಾನಿಯಾ ಅಜ್ಜಿ ನಲ್ಲಿಯ ಕೆಳಗೆ ತಲೆಯೊಡ್ಡಿ ಕೂತಳು. "ಎಪ್ಪತ್ ವರ್ಷ ಕೊಡ ಹೊತ್ತಿರೋ ತಲೆ ಕಣ್ರೇ, ಇವತ್ತು ಅದೂ ಒಂದಿಷ್ಟು ಸುಖ ಪಡ್ಲಿ" ಅಂದಳು. ನಕ್ಕು ನಕ್ಕು ಸಾಕಾಯಿತು.

ಇನ್ನು ನಿನ್ನ ವಿಷಯ. ಜನವರಿಯಿಂದ ಒಂದು ವರ್ಷ ನೀರು ನೋಡಿಕೊಳ್ಳುವ ಸೇವೆ ನಿನ್ನದೇ ಎಂದು ಊರಸಭೆ ಗಟ್ಟಿ ಮಾಡಿದೆ. ಕೂಲಿಯಿಲ್ಲದ ಈ ಸೇವೆ ಊರಲ್ಲಿ ಯಾರಿಗೂ ತಪ್ಪಿದ್ದಲ್ಲ: ಅಪ್ಪ ತನ್ನ ಪಾಳಿಯದು ಮಾಡಿದ, ನಾನೂ ಶಾಲೆಯ ಅಡುಗೆಮನೆಯಲ್ಲಿ ಮಾಡಿ ಮುಗಿಸಿದೆ. ತಮ್ಮನ ಬದಲು ನಾನೇ ದಿನಾ ಗುಡ್ಡ ಹತ್ತಿ ತೊಟ್ಟಿ ನೋಡಿಕೊಳ್ಳುತ್ತೇನೆ ಎಂದು ಅಂಗಲಾಚಿದೆ. ಹಿರಿಯ ಕ್ರಿಸೋಫೊರೊ ಎದ್ದುನಿಂತು, "ನಿನ್ ಪಾಳಿ ನಿಂದು, ಅವನ್ ಪಾಳಿ ಅವಂದು ಕಣಮ್ಮ. ಪೈಪು ಕಳಿಸ್ದ, ದೇವ್ರು ಚೆನ್ನಾಗಿಟ್ಟಿರ್ಲಿ. ಬೆವರನ್ನೂ ಪಾರ್ಸಲ್ ಮಾಡ್ತಾನೇನು? ಬರ್ದೇ ಇದ್ರೆ ಪಟ್ಟಿಯಿಂದ ಹೆಸರು ಹೊಡೀರಿ" ಅಂದ. ಹೆಸರು ಹೊಡೆದರೆ ನೀನು ಈ ಊರಿನವನಲ್ಲ. ಸತ್ತರೂ ಅಮ್ಮನ ಪಕ್ಕದಲ್ಲಿ ನಿನಗೆ ಜಾಗವಿಲ್ಲ.

ಬಂದರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲವೇ? ನಿನ್ನ ಹತ್ತಿರ ಕಾಗದಪತ್ರವಿಲ್ಲ. ಒಮ್ಮೆ ಗಡಿ ದಾಟಿ ಈಚೆ ಬಂದೆಯೆಂದರೆ ಮತ್ತೆ ಹೆಂಡತಿ ಮಗಳ ಹತ್ತಿರ ಹೋಗುವ ದಾರಿ ಮುಚ್ಚಿದ ಹಾಗೆಯೇ. ಮೊನ್ನೆ ಇಟ್ಸೆಲ್ ನಿನ್ನ ಫೋನು ಕಿತ್ತುಕೊಂಡು ಕೇಳಿದಳು: "ಅತ್ತೆ, ನಮ್ಮಪ್ಪನ್ನೇ ಯಾಕೆ ಕರೀತಿದೀರಾ? ನಿಮ್ಮೂರಲ್ಲಿ ಬೇರೆ ಗಂಡಸ್ರೇ ಇಲ್ವಾ?" ಒಂಬತ್ತು ವರ್ಷದ ಮಗು.

ಬರಬೇಡ ಕಣೋ. ಹೆಸರು ಹೊಡೆದರೆ ಹೊಡೆಯಲಿ. ಊರವರ ಬಾಯಿಗೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ. ಅಲ್ಲೇ ನಿನ್ನ ಸಂಸಾರ ತಣ್ಣಗಿರಲಿ, ಮಗು ಅಪ್ಪನ ಕೈ ಹಿಡಿದುಕೊಂಡೇ ಶಾಲೆಗೆ ಹೋಗಲಿ.

ನಿನ್ನ ಅಕ್ಕ,
ಎರ್ಮೆಲಿಂದಾ

ಮ.ವಿ.: "ಸಭೆಯಲ್ಲಿ ನನ್ನ ಹೆಸರು ಕೂಗಿದ ಶತ್ರು ಯಾರು?" ಎಂದು ನೀನು ಮೂರು ಸಲವೂ ಕೇಳಿದೆ. ನಾನೇ ಕಣೋ. ನಿನ್ನ ಮುಖ ನೋಡಿ ಹದಿನೇಳು ವರ್ಷವಾಯಿತು. ಅಕ್ಕ ಕರೆದರೆ ಬರುವುದಿಲ್ಲ, ಊರು ಕರೆದರೆ ಬಂದೇ ಬರುತ್ತಾನೆ ಅನ್ನಿಸಿತು, ಎದ್ದು ಕೂಗಿಬಿಟ್ಟೆ. ಎಲ್ಲರೂ ಕೈಯೆತ್ತಿದರು. ಮರುದಿನವೇ ಹೆಸರು ವಾಪಸ್ ತೆಗೆದುಕೊಳ್ಳಿ ಎಂದು ಕಾಲು ಹಿಡಿದೆ, ಯಾರೂ ಕೇಳಲಿಲ್ಲ. ಕೂಗುವ ಹೊತ್ತಿನಲ್ಲಿ ಇಟ್ಸೆಲ್ ನೆನಪು ನನಗೆ ಬರಲೇ ಇಲ್ಲ.