ಬಾಚಣಿಗೆಯಲ್ಲಿ ಬಿಟ್ಟುಹೋದ ಕೂದಲು

ಪುಟ್ಟಿ,

ಬಾಚಣಿಗೆಯಲ್ಲಿ ಮತ್ತೆ ನಿನ್ನ ಕೂದಲಿನ ಉಂಡೆ. ನಿನ್ನೆ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದವಳೇ ತಲೆಗೆ ನೀರು ಹಾಕಿಕೊಂಡು, ಹಸಿ ಕೂದಲನ್ನೇ ಬುಡದಿಂದ ಎಳೆದಿದ್ದೀಯ. ನಿನಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಇವತ್ತು ಮೊದಲು ಎಣ್ಣೆ. ಬಟ್ಟಲು ಒಲೆಯ ಪಕ್ಕದಲ್ಲಿದೆ, ಆರಿದ್ದರೆ ಬಿಸಿನೀರಲ್ಲಿ ಇಟ್ಟುಕೋ. ಬೆರಳ ತುದಿಯಲ್ಲಿ ಮೆಲ್ಲಗೆ ತಿಕ್ಕು, ಉಗುರಲ್ಲಿ ಕೆರೆಯಬೇಡ. ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಬಿಡಿಸುತ್ತಾ ಮೇಲಕ್ಕೆ ಹೋಗು. ಸಿಕ್ಕು ಬಂದರೆ ಅದರ ಮೇಲಿನ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೋ, ಬುಡಕ್ಕೆ ನೋವಾಗಲ್ಲ. ನಿನ್ನ ಚಿಕ್ಕಂದಿನಲ್ಲಿ ನಾನು ಹಿಡಿಯುತ್ತಿದ್ದೆನಲ್ಲ, ಹಾಗೆ. ಸ್ನಾನ ಆಮೇಲೆ.

ನೀನು ಬರುವ ಮುಂಚೆ ನಾನು ಹೊಲಿಗೆ ಕಾರ್ಖಾನೆಗೆ ಹೊರಟಿರುತ್ತೀನಿ, ನಾನು ಬರುವಷ್ಟರಲ್ಲಿ ನೀನು ಆಸ್ಪತ್ರೆಗೆ. ನೀನು ಮನೆಗೆ ಬಂದುಹೋದೆ ಅಂತ ನನಗೆ ಗೊತ್ತಾಗುವುದೇ ಆ ಉಂಡೆಯಿಂದ. ಮೊನ್ನೆ ನೀನು ಡಬಲ್ ಡ್ಯೂಟಿ ಅಂತ ಅಲ್ಲೇ ಉಳಿದೆಯಲ್ಲ, ಅವತ್ತು ಬಾಚಣಿಗೆ ಚೊಕ್ಕವಾಗಿತ್ತು. ಬೈಯುವುದಕ್ಕೂ ಏನೂ ಇರಲಿಲ್ಲ. ಮನೆ ಬಿಕೋ ಅನ್ನುತ್ತಿತ್ತು.

ಭಾನುವಾರ ಇಬ್ಬರಿಗೂ ರಜೆ. ಎಲ್ಲವನ್ನೂ ನೀನೇ ಬಿಡಿಸಿಕೊಂಡು ಕೂರಬೇಡ. ಹಿಂದುಗಡೆ ಒಂದು ಸಿಕ್ಕನ್ನಾದರೂ ನನಗೆ ಉಳಿಸಿರು.

ಅಕ್ಕ