ಮೀಸಲು ಹಾಲು

ಹೊನ್ನತ್ತೆಯವರಿಗೆ,

ಸಿಟ್ಟಿನ ಸೊಸೆಯ ನಮಸ್ಕಾರಗಳು. ಫೋನಿನಲ್ಲಿ ನಾನು ಜೋರು ಮಾಡುತ್ತೇನೆ, ನೀವು ಪಟ್ಟನೆ ಇಟ್ಟುಬಿಡುತ್ತೀರಿ. ಅದಕ್ಕೇ ಮೊಳಕಾಲ್ಮುರಿನಿಂದ ಈ ಕಾಗದ ಕೊಟ್ಟು ನಿಮ್ಮ ಮಗನನ್ನೇ ತಳಕಿಗೆ ಕಳಿಸುತ್ತಿದ್ದೇನೆ. ಬಾಯಲ್ಲಿ ಹೇಳಿ ಕಳಿಸಿದ್ದರೆ, ನಿಮ್ಮ ಮುಖ ಕಂಡ ಕೂಡಲೇ ಅವರು ಎಲ್ಲವನ್ನೂ ಮುದ್ದೆಯಂತೆ ನುಂಗಿಬಿಡುತ್ತಿದ್ದರು.

ನಿಮ್ಮಲ್ಲಿಂದ ಬಂದಾಗಿನಿಂದ ವನಜಾಳಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ನಾಳೆ ಅವಳ ಕೀಲುನೋವಿಗೆ ಇಂಜೆಕ್ಷನ್ ಹಾಕಿಸಬೇಕು. ಜ್ವರವಿದ್ದರೆ ಹಾಕುವಂತಿಲ್ಲ, ತಪ್ಪಿಸಿದರೆ ಮೊಣಕಾಲು ಮತ್ತೆ ಊದಿಕೊಳ್ಳುತ್ತದೆ. ನೆನಪಿದೆಯಲ್ಲ ಅತ್ತೆ, ಬೆಳಗಾದರೆ ಆ ಕೂಸು ಹಾಸಿಗೆಯಲ್ಲೇ "ಅಜ್ಜೀ, ಕಾಲು ಬಿಚ್ತಾ ಇಲ್ಲ" ಎಂದು ಅಳುತ್ತಿತ್ತು. ಅವಳ ಕಾಲಿಗೆ ಬಿಸಿನೀರಿನ ಬಟ್ಟೆ ಸುತ್ತಿ ಕೂರುತ್ತಿದ್ದವರು ನೀವೇ. ಈ ಹೊಸ ಔಷಧಿ ಶುರುವಾದ ಮೇಲೆ ಒಂದು ದಿನ ತಾನಾಗಿಯೇ ಮಗ್ಗದ ಗುಂಡಿಗೆ ಇಳಿದು ಕಾಲುಮಣೆ ತುಳಿದಳು. ನಿಮ್ಮ ಮಗ ನೇಯುವುದು ಬಿಟ್ಟು ಕಣ್ಣು ಒರೆಸಿಕೊಂಡರು. ನಾನು ರೇಷ್ಮೆ ಎಳೆ ಕಡಿದಳೆಂದು ಗದರಿ, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮೈಯನ್ನು ಕಾಯಬೇಕಾದ ಶಕ್ತಿಯೇ ಅವಳ ಕೀಲುಗಳ ಮೇಲೆ ತಿರುಗಿಬಿದ್ದಿದೆ. ಇಂಜೆಕ್ಷನ್ ಅದನ್ನು ತಗ್ಗಿಸುತ್ತದೆ, ಆಗ ಹೊರಗಿನ ಸೋಂಕು ಸುಲಭವಾಗಿ ಅಂಟುತ್ತದೆ. ಕಾಯಿಸದ ಹಾಲಿನಲ್ಲೂ ಅಂಥ ಸೋಂಕು ಇರಬಹುದು, ಅದಕ್ಕೇ ಹಸಿ ಹಾಲು ಕೂಡದೆಂದು ನಾನು ನಿಮಗೆ ಹೇಳಿದ್ದು. ಇವತ್ತು ಡಾಕ್ಟರಮ್ಮ ಮೊದಲು ಕೇಳಿದ್ದೂ ಅದನ್ನೇ: "ಹಸಿ ಹಾಲೇನಾದ್ರೂ ಕುಡಿದಾಳೇನ್ರಿ? ಯಾವ ಪರೀಕ್ಷೆ ಮೊದ್ಲು ಮಾಡ್ಬೇಕು ಅಂತ ಗೊತ್ತಾಗ್ಬೇಕು." ವನಜಾ ನೆಲ ನೋಡಿದಳು. ಎಷ್ಟು ಪುಸಲಾಯಿಸಿದರೂ ಒಂದೇ ಮಾತು: "ಅಜ್ಜಿ ಆಣೆ ಹಾಕಿಸ್ಯಾಳೆ."

ನಿಮ್ಮ ಮನೆಯ ಪದ್ಧತಿ ನನಗೆ ಗೊತ್ತು. ಹಸು ಕರು ಹಾಕಿದರೆ ಮೊದಲ ಹಾಲು ದೇವರಿಗೆ ಮೀಸಲು. ಅದನ್ನು ಒಲೆಗೆ ಇಡುವಂತಿಲ್ಲ, ದೇವರ ಮುಂದಿಟ್ಟ ಮೇಲೆ ಮನೆಯ ಮಗುವಿಗೆ ಹಾಗೆಯೇ ಕುಡಿಸಬೇಕು. ಕೊಟ್ಟಿದ್ದರೆ ಪ್ರೀತಿಯಿಂದಲೇ ಕೊಟ್ಟಿರುತ್ತೀರಿ. ನಿಜ ಹೇಳಿ. ನಾನು ಬೈಯುವುದಿಲ್ಲ, ಬೈದರೂ ಒಂದೇ ಸಲ. ನನಗೆ ಭಯವಾಗುತ್ತಿದೆ ಅತ್ತೆ. ಹಣೆ ಮುಟ್ಟಿ ಮುಟ್ಟಿ ಬಿಸಿ ಅವಳದೋ ನನ್ನ ಕೈಯದೋ ತಿಳಿಯುತ್ತಿಲ್ಲ.

ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ, ನಿಮ್ಮ ಮಗ ಅಲ್ಲಿಂದಲೇ ಫೋನ್ ಮಾಡುತ್ತಾರೆ. ಮಗುವಿನ ಆಣೆಯನ್ನೂ ಬಿಡಿಸಿ. ಇನ್ನು ಮುಂದೆ ಮೀಸಲು ಹಾಲನ್ನೂ ಕಾಯಿಸಿಯೇ ಕೊಡಿ. ದೇವರು ಮುನಿದರೆ, ಒಲೆಗೆ ಇಟ್ಟವಳು ಸೊಸೆ ಎಂದು ನನ್ನ ಹೆಸರು ಹೇಳಿ. ದೋಷ ನನಗೇ ಇರಲಿ, ಅವಳು ನಡೆಯಲಿ.

ನಿಮ್ಮ ಕೈ ನಿಮ್ಮ ಮೊಮ್ಮಗಳ ತಲೆಯ ಮೇಲೆ ಸದಾ ಇರಲಿ.

ದಾರಿ ಕಾಯುತ್ತಿರುವ,
ಪ್ರೇಮಲತಾ