ದೋಣಿಗೆ ಒಬ್ಬಳು ಅನುಮಾನದವಳು

ಸೆಪ್ಟೆಂಬರ್ 4, ಗುರುವಾರ

ಹಲಗೆ ನಯ ಮಾಡಲು ಕೀಸುಳಿ ತಳ್ಳಿ ತಳ್ಳಿ ಅಂಗೈಯಲ್ಲಿ ಬೊಬ್ಬೆ. ಬಲಗೈ. ಸೆಪ್ಟಿಕ್ ಆದರೆ? ಅಡುಗೆಮನೆಯ ಅಜ್ಜಿಗೆ ತೋರಿಸಿದೆ. "ಇಷ್ಟಕ್ಕೆಲ್ಲ ಸತ್ತಿದ್ರೆ ಈ ಹಾಸ್ಟೆಲಲ್ಲಿ ನಾನು ಯಾರಿಗೆ ಬೇಯಿಸಿ ಹಾಕ್ತಿದ್ದೆ?" ಎಂದರು.

ಇಲ್ಲಿ ಬೆಳಿಗ್ಗೆ ಪಾಠ, ಮಧ್ಯಾಹ್ನ ಕೆಲಸ. ಹತ್ತನೇ ಕ್ಲಾಸಿನವರು ಹೋದ ವರ್ಷ ವರ್ಕ್‌ಶಾಪಿನ ಗೋಡೆ ಕಟ್ಟಿದರಂತೆ. ನಮಗೆ ಬಂದದ್ದು ದೋಣಿ. ಶಾಲೆಯ ಹಿಂದಿರುವ ಕೆರೆಗೆ. ನಾನು, ಎಲ್ಲರೂ ಕನ್ನಡಕ ಅಂತ ಕರೆಯುವ ಹುಡುಗ, ಪುಟಾಣಿ ಚೋಟು — ಮೂವರು. ಅವರಿಬ್ಬರಿಗೆ ಹದಿಮೂರು, ನನಗೆ ಹದಿನೇಳು. ಅವರ ಬೆಂಚಿನಲ್ಲಿ ಕೂತರೆ ಒಂಟೆ ಕೂತ ಹಾಗೆ. ಏನು ಮಾಡಲಿ... ಅಪ್ಪ ರೋಡ್ ರೋಲರ್ ಡ್ರೈವರ್. ರಸ್ತೆ ಮುಂದೆ ಹೋದ ಹಾಗೆ ನನ್ನ ಶಾಲೆಗಳು ಹಿಂದೆ ಉಳಿದವು. ಪಾಠ ಭಿನ್ನರಾಶಿಗೆ ಬರುವ ಹೊತ್ತಿಗೆ ಸರಿಯಾಗಿ ಊರು ಬದಲಾಗುತ್ತಿತ್ತು.

ಸಂಜೆ ಆಫೀಸಿನ ಫೋನಿನಿಂದ ಅಪ್ಪನಿಗೆ ಮಾಡಿದೆ. "ನನ್ ಕೈಲಾಗಲ್ಲ ಅಪ್ಪ. ಬಂದು ಕರ್ಕೊಂಡ್ಹೋಗು." ಅಪ್ಪ ರೋಲರ್ ಆಫ್ ಮಾಡಿದ. ಆಮೇಲೆ "ಕಂಟ್ರಾಕ್ಟರ್ ಹತ್ರ ರಜಾ ಕೇಳ್ತೀನಿ. ಈ ತಿಂಗಳ ಕೊನೇ ಭಾನುವಾರ ಬರ್ತೀನಿ. ಅಲ್ಲೀವರೆಗೆ ಊಟ ಬಿಡ್ಬೇಡ."

ಮನಸ್ಸು ಹಗುರ. ಟ್ರಂಕಿನಿಂದ ಬಟ್ಟೆ ಪೂರ್ತಿ ತೆಗೆದಿಲ್ಲ. ಒಳ್ಳೆಯದೇ ಆಯಿತು.

ಸೆಪ್ಟೆಂಬರ್ 5, ಶುಕ್ರವಾರ

ಈ ಶಾಲೆಯವರದ್ದೊಂದು ಪದ್ಧತಿ. ಪ್ರತಿ ಗುಂಪಿಗೂ ಒಬ್ಬರು 'ಅನುಮಾನದವರು' ಇರಬೇಕು. "ಹೀಗಾದರೆ?" ಎಂದು ಕೇಳುವುದೇ ಅವರ ಕೆಲಸ. ಉತ್ತರ ಸಿಗುವವರೆಗೆ ಯಾರೂ ಮೊಳೆ ಹೊಡೆಯುವಂತಿಲ್ಲ.

ಮರಗೆಲಸದ ಮೇಷ್ಟ್ರು ಕೇಳಿದರು, "ನಿಮ್ಮಲ್ಲಿ ಯಾರಿಗಪ್ಪ ಭಯ ಜಾಸ್ತಿ?"

ಚೋಟು ಕೈ ಎತ್ತಿದಳು. "ಅಕ್ಕಂಗೆ ಸಾರ್. ಫ್ಯಾನ್ ಬೀಳುತ್ತೆ ಅಂತ ಮಂಚ ಮೂಲೆಗೆ ಎಳ್ಕೊಂಡಿದಾಳೆ."

ಎಲ್ಲರೂ ನಕ್ಕರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಷ್ಟ್ರು ನಗಲಿಲ್ಲ. ಏಣಿ ಹೊತ್ತು ನಮ್ಮ ರೂಮಿಗೆ ಬಂದರು. ಬೋಲ್ಟ್ ನಿಜವಾಗಿಯೂ ಸಡಿಲ. ಬಿಗಿ ಮಾಡಿ ಇಳಿದು, ಕೈ ಒರೆಸಿಕೊಂಡು — "ಆಯ್ತು. ನೀನೇ."

ಸೆಪ್ಟೆಂಬರ್ 9, ಮಂಗಳವಾರ

ಕೇಳಿದ್ದೇ ಕೇಳಿದ್ದು. ಹಲಗೆ ಬಗ್ಗಿಸುವಾಗ ಸೀಳಿದರೆ? ಬಿಸಿನೀರಲ್ಲಿ ನೆನೆಹಾಕಿದೆವು. ಅಂಟು ಬಿಟ್ಟರೆ? ಒಂದು ತುಂಡು ಅಂಟಿಸಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆವು. ಎಲ್ಲರೂ ಒಂದೇ ಕಡೆ ಕೂತರೆ? ಸಿಡಿಲು ಹೊಡೆದರೆ? ಮೀನು ಕಚ್ಚಿದರೆ?

"ಅಕ್ಕ, ಮೊದ್ಲು ನಿನ್ ಬಾಯಿಗೆ ಮೊಳೆ ಹೊಡೀಬೇಕು" ಎಂದ ಕನ್ನಡಕ. ಆದರೂ ಸುತ್ತಿಗೆ ಕೆಳಗಿಟ್ಟು ಕಾದ.

ಕಾಲು ಇಂಚು, ಅರ್ಧ ಇಂಚು, ಮುಕ್ಕಾಲು. ಎಲ್ಲ ನಾನೇ ಗೀಟು ಹಾಕಿದೆ. ಕೊನೆಗೆ ಮೇಷ್ಟ್ರು ಹೇಳಿದರು, ಇದೇ ಭಿನ್ನರಾಶಿ ಅಂತ. ಇಷ್ಟೇನಾ! ಇಷ್ಟು ವರ್ಷ ಇದಕ್ಕಾ ಹೆದರಿದ್ದು?

ಸೆಪ್ಟೆಂಬರ್ 18, ಗುರುವಾರ

ಬರೆಯಲು ಪುರುಸೊತ್ತಿಲ್ಲ. ದೋಣಿಗೆ ಪಕ್ಕೆಲುಬು ಬಂತು, ಹೊಟ್ಟೆ ಬಂತು. ಊಟದ ಬೆಲ್ ಹೊಡೆದರೂ ಕಿವಿಗೆ ಬೀಳುವುದಿಲ್ಲ. ಅಜ್ಜಿ ತಟ್ಟೆ ಹಿಡಿದು ವರ್ಕ್‌ಶಾಪಿಗೇ ಬಂದು ಬೈದರು.

ಇವತ್ತು ಸಂದುಗಳಿಗೆ ಡಾಂಬರು ತುಂಬಿದೆವು. ಕಾಯಿಸುವಾಗ ಆ ವಾಸನೆ... ಅಪ್ಪನ ಅಂಗಿಯ ವಾಸನೆ. ಆಗ ನೆನಪಾಯಿತು. ಅಪ್ಪ ಬರುತ್ತಾನೆ. ಕರೆದುಕೊಂಡು ಹೋಗಲು.

ಹೋಗುವುದಿಲ್ಲ. ಹೋಗಲಾರೆ.

ಸೆಪ್ಟೆಂಬರ್ 21, ಭಾನುವಾರ

ಅಪ್ಪನ ಫೋನ್ ಹತ್ತುತ್ತಿಲ್ಲ. ಸೈಟು ಗುಡ್ಡದ ಆಚೆಗೆ ಹೋಗಿದೆಯಂತೆ, ಅಲ್ಲಿ ಸಿಗ್ನಲ್ ಇಲ್ಲ. ಯಾರ ಕೈಕಾಲು ಹಿಡಿದು ರಜಾ ತೆಗೆದುಕೊಂಡನೋ. ಅಷ್ಟು ದೂರ ಬಂದವನಿಗೆ ಯಾವ ಬಾಯಲ್ಲಿ ಬರಲ್ಲ ಎನ್ನಲಿ? ಬೇಜಾರು ಮಾಡಿಕೊಂಡು, ಮಾತಾಡದೆ ವಾಪಸ್ ಹೋದರೆ?

ಸೆಪ್ಟೆಂಬರ್ 27, ಶನಿವಾರ ಸಂಜೆ

ದೋಣಿ ಮುಗಿಯಿತು. ಹೊರಗೆ ತರಲು ಇಡೀ ಶಾಲೆ ಬಂತು. ಎತ್ತಿದೆವು. ಬಾಗಿಲವರೆಗೆ ಬಂದೆವು.

ಬಾಗಿಲಲ್ಲಿ ಹಿಡಿಸಲಿಲ್ಲ.

ಓರೆ ಮಾಡಿದೆವು. ಮಗುಚಿ ಹಾಕಿದೆವು. ಮೂತಿ ಹೊರಗೆ ಬಂತು, ಹೊಟ್ಟೆ ಒಳಗೇ.

ಚೋಟು ಮೆಲ್ಲಗೆ, "ಅಕ್ಕ... ಮೀನು ಕಚ್ಚಿದ್ರೆ ಅಂತಾನೂ ಕೇಳಿದ್ದೆ ನೀನು."

ಕಿವಿ ಬಿಸಿಯಾಯಿತು. ನನಗಿದ್ದದ್ದು ಅದೊಂದೇ ಕೆಲಸ. ಮೇಷ್ಟ್ರು ಸ್ಟೂಲಿನ ಮೇಲೆ ಕುಕ್ಕರಿಸಿ ನಗಲು ಶುರು ಮಾಡಿದರು, ಕಣ್ಣಲ್ಲಿ ನೀರು ಬರುವ ಹಾಗೆ. "ದಿನಾ ಈ ಬಾಗಿಲಲ್ಲೇ ಓಡಾಡಿದೀನಲ್ರೋ. ನಂಗೂ ಹೊಳೀಲಿಲ್ಲ."

ಶಾಲೆ ನಡೆಸುವ ದೊಡ್ಡಕ್ಕ ಗೋಡೆಯನ್ನೊಮ್ಮೆ ತಟ್ಟಿ ನೋಡಿ ಹತ್ತನೆಯವರ ಕಡೆ ತಿರುಗಿದರು. "ಕಟ್ಟಿದವರು ನೀವೇ ತಾನೆ? ಬಿಚ್ಚಿ. ಆಮೇಲೆ ಎಲ್ರೂ ಸೇರಿ ಕಟ್ಟೋಣ, ಬಾಗಿಲು ದೊಡ್ಡದಾಗಿರಲಿ." ಹೋ ಎಂದು ಹಾರೆ ತರಲು ಓಡಿದರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಗೋಡೆ ತೆಗೆದಾಗ ಛಾವಣಿ ಕುಸಿದ್ರೆ?"

ಎಲ್ಲರೂ ನಿಂತರು. ಮೇಲೆ ನೋಡಿದರು. ಮೇಷ್ಟ್ರ ನಗು ನಿಂತಿತು. "ಕಂಬ ತನ್ನಿ. ಮೊದ್ಲು ಛಾವಣಿಗೆ ಆಸರೆ ಕೊಡ್ಬೇಕು."

ಸೆಪ್ಟೆಂಬರ್ 28, ಭಾನುವಾರ. ಕೆರೆ ದಂಡೆ

ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಬೆಳಿಗ್ಗೆ ಗೋಡೆ ಅರ್ಧ ಇಳಿದಿತ್ತು. ಇಟ್ಟಿಗೆ ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ನನ್ನ ಮುಂದೆ ಬಂದು ನಿಂತ ಮನುಷ್ಯ ನನ್ನನ್ನೇ ಕೇಳಿದ, "ಏನಮ್ಮಾ, ನನ್ ಮಗಳು ಎಲ್ಲಿದಾಳೆ?" ಅಪ್ಪ. ಭುಜದ ಮೇಲೆ ಹಗ್ಗದ ಸುರುಳಿ, ನನ್ನ ಟ್ರಂಕು ಬಸ್ಸಿನ ಮೇಲೆ ಕಟ್ಟಲು ತಂದದ್ದು.

"ಅಪ್ಪ, ನಾನೇ."

ನನ್ನ ಮುಖದ ಇಟ್ಟಿಗೆ ಪುಡಿ ಒರೆಸಿ ನೋಡಿದ. "ಕೈಲಾಗಲ್ಲ ಅಂದೋಳು ನೀನೇನಾ?"

ಈಗ ಹೇಳದಿದ್ದರೆ ಇನ್ನಿಲ್ಲ. ಒಂದೇ ಉಸಿರಲ್ಲಿ ಹೇಳಿಬಿಟ್ಟೆ. "ನಾನ್ ಬರಲ್ಲ ಅಪ್ಪ. ನಿನ್ ರಜಾ ಹಾಳ್ಮಾಡ್ದೆ. ಬೈಯಿ ಬೇಕಾದ್ರೆ."

ಬೈಯಲಿಲ್ಲ. ಗೋಡೆ ನೋಡಿದ, ದೋಣಿ ನೋಡಿದ. ಸಂದಿನ ಡಾಂಬರಿಗೆ ಉಗುರು ಒತ್ತಿ ನೋಡಿದ. ಆಮೇಲೆ ಹಗ್ಗ ಬದಿಗಿಟ್ಟು ಸಾಲಿನಲ್ಲಿ ನಿಂತು ಇಟ್ಟಿಗೆಗೆ ಕೈ ಚಾಚಿದ. ಅಷ್ಟೇ. ಏನು ಅರ್ಥ? ಹೂಂ ಅಂತಲಾ? ಊಟದವರೆಗೂ ಒದ್ದಾಡಿದೆ.

ಊಟ ಆದ ಮೇಲೆ, ಗೋಡೆ ತೆಗೆದ ಜಾಗದಿಂದ ಹೊರಬಂದ ದೋಣಿ ನೀರಿಗಿಳಿಯಿತು. ತೇಲಿತು! ತೇಲಿ... ತನ್ನಷ್ಟಕ್ಕೆ ಹೊರಟಿತು. ಕಟ್ಟಲು ಹಗ್ಗವೇ ಇಲ್ಲ. ಅದನ್ನೂ ನಾನು ಕೇಳಿರಲಿಲ್ಲ. ಕನ್ನಡಕ ಸೊಂಟದವರೆಗೆ ನೀರಿಗಿಳಿದು ಹಿಡಿದುಕೊಂಡ.

ಅಪ್ಪ ತನ್ನ ಹಗ್ಗ ಬಿಚ್ಚಿ ಮೂತಿಗೆ ಕಟ್ಟಿದ. ಎಳೆದು ನೋಡಿದ. ಬಿಚ್ಚಿ ಮತ್ತೆ ಕಟ್ಟಿದ. "ಗಂಟು ಜಾರಿದ್ರೆ? ನೀರಲ್ಲಿ ನೆಂದು ಸಡಿಲ ಆದ್ರೆ?"

"ಈ ಕಾಯಿಲೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು" ಎಂದರು ಮೇಷ್ಟ್ರು.

"ಟ್ರಂಕಿಗೆ ಏನ್ ಕಟ್ತೀಯ ಅಪ್ಪ?" ಎಂದೆ. ನನ್ನ ಕಡೆ ತಿರುಗಲೂ ಇಲ್ಲ. "ಟ್ರಂಕು ಮಂಚದ ಕೆಳಗೆ ಇರ್ಲಿ ಬಿಡು."

ಕರೆಯುತ್ತಿದ್ದಾರೆ. ಮಾಡಿದವರೇ ಮೊದಲು ಹತ್ತಬೇಕಂತೆ. ಚೋಟು ಆಗಲೇ ಕೂತಿದ್ದಾಳೆ. ಒಂದೇ ಕಡೆ ಕೂತಿದ್ದಾಳೆ, ಹೇಳಿದ್ದೆ ಎಷ್ಟು ಸಲ. ಈ ಡೈರಿ ಒದ್ದೆಯಾದರೆ? ಅಪ್ಪನ ಕೈಗೆ ಕೊಟ್ಟು ಹೋಗಲೇ... ತೆರೆದು ನೋಡಿಬಿಟ್ಟರೆ? ನೋಡಲಿ, ಹಗ್ಗ ಮಾತ್ರ ಬಿಡದೆ ಹಿಡಿದುಕೊಂಡಿದ್ದರೆ ಸಾಕು.